ಹಳೆಯ ಸೀರಿಯಲ್ ಹೊಸದಾಗಿ ಬಂದರೆ ಅಭಿಮಾನಿಗಳಿಗೆ ಯಾಕೆ ಸಿಟ್ಟು? ತೆರೆಯ ಹಿಂದಿನ ಕಿರುಕುಳ ಹೊರಬಿದ್ದರೆ ಆ ಸೀರಿಯಲ್ ನಿಲ್ಲಿಸಬೇಕಾ?
ಸಿಟ್ಟಿಗೆ ಮೂಲ ನೆನಪು. ಅಮೆರಿಕದ ಸೀರಿಯಲ್ ‘ಮೆಕ್‌ಗೈವರ್’ ನೋಡಿ. 1985ರಿಂದ 1992ರವರೆಗೆ ನಟ ರಿಚರ್ಡ್ ಡೀನ್ ಆಂಡರ್ಸನ್ ಮಾಡಿದ್ದು, ಸಾಮಾನ್ಯವಾಗಿ ಬಂದೂಕು ಮುಟ್ಟದೆ, ಕೈಗೆ ಸಿಕ್ಕ ಸಾಮಾನಿನಲ್ಲೇ ಪಾರಾಗುತ್ತಿದ್ದ ಪಾತ್ರ. 2016ರ ಹೊಸ ಸೀರಿಯಲ್‌ನಲ್ಲಿ ಅದೇ ಪಾತ್ರಕ್ಕೆ ಲೂಕಸ್ ಟಿಲ್ ಬಂದರು, ಜೊತೆಗೆ ಬಂದೂಕು ಹಿಡಿದ ಗೆಳೆಯ, ಒಂದು ತಂಡ. ಹಳಬರಿಗೆ ‘ಇದು ನಮ್ಮ ಮೆಕ್‌ಗೈವರ್ ಅಲ್ಲ’ ಅನ್ನಿಸಿದರೆ ಆಶ್ಚರ್ಯವಿಲ್ಲ.

ಆದರೆ ನಿಜವಾದ ಕಷ್ಟ ಈ ಹೊಸ ಸೀರಿಯಲ್‌ನ ಸೆಟ್‌ನಲ್ಲಿತ್ತು. ಕೆಲಸದ ವಾತಾವರಣದ ಬಗ್ಗೆ ದೂರು ಬಂದ ಮೇಲೆ, 2020ರ ಜುಲೈಯಲ್ಲಿ ಅದನ್ನು ಪ್ರಸಾರ ಮಾಡುತ್ತಿದ್ದ ಸಿಬಿಎಸ್ ವಾಹಿನಿ ಮುಖ್ಯ ನಿರ್ಮಾಪಕ ಪೀಟರ್ ಲೆಂಕೋವ್ ಅವರನ್ನು ಕೈಬಿಟ್ಟಿತು. ಅವರ ಬೈಗುಳ, ಮೈಕಟ್ಟಿನ ಹೀಯಾಳಿಕೆಯಿಂದ ಸಾಯುವ ಯೋಚನೆ ಬಂದಿತ್ತು ಎಂದು ಟಿಲ್ ಹೇಳಿದರು. ಲೆಂಕೋವ್ ಕಡೆಯವರು ಅಲ್ಲಗಳೆದರು.

ಸೀರಿಯಲ್ ಏನೂ ತಕ್ಷಣ ನಿಲ್ಲಲಿಲ್ಲ, 2021ರವರೆಗೆ ಓಡಿತು. ನನಗನ್ನಿಸುವಂತೆ ಅದರಲ್ಲಿ ತಪ್ಪೇನಿಲ್ಲ. ಒಬ್ಬರ ತಪ್ಪಿಗೆ ಇಡೀ ತಂಡದ ಅನ್ನ ಯಾಕೆ ಹೋಗಬೇಕು, ಅಲ್ವಾ?