ಹನ್ನಳ ಹರಕೆ ಮಗನಿಗಾಗಿ ಮಾತ್ರವೇ?

ಪ್ರಶ್ನೆ: ಹೀಬ್ರೂ ಧರ್ಮಗ್ರಂಥದಲ್ಲಿ ಹನ್ನಳು ಹರಕೆ ಹೊತ್ತು ಸಮುವೇಲನನ್ನು ಪಡೆದ ಕಥೆಯನ್ನು ಓದಿದ್ದೇನೆ. ಅಲ್ಲಿ ಹೆಣ್ಣಿನ ಭಕ್ತಿಗೆ ತಾಯ್ತನದ ಆಚೆಗೆ ಬೆಲೆ ಇತ್ತೇ?

ಉತ್ತರ: ಇತ್ತು, ಅದಕ್ಕೆ ಹನ್ನಳೇ ಸಾಕ್ಷಿ. ಒಂದನೆಯ ಸಮುವೇಲನ ಪುಸ್ತಕದ ಮೊದಲ ಅಧ್ಯಾಯವನ್ನು ಇನ್ನೊಮ್ಮೆ ನಿಧಾನವಾಗಿ ಓದಿ ನೋಡಿ. ಸವತಿ ಪೆನಿನ್ನಳು ವರ್ಷ ವರ್ಷವೂ ಚುಚ್ಚಿ ನೋಯಿಸುತ್ತಿದ್ದಾಗ, ತಾನು ಹತ್ತು ಮಕ್ಕಳಿಗಿಂತ ಹೆಚ್ಚಲ್ಲವೇ ಎಂದು ಗಂಡ ಎಲ್ಕಾನನು ಸಂತೈಸಿದರೂ ಸಮಾಧಾನಗೊಳ್ಳದ ಆಕೆ, ಶೀಲೋವಿನ ದೇವಾಲಯದಲ್ಲಿ ಯಾವ ಯಾಜಕನ ನೆರವನ್ನೂ ಬೇಡದೆ ತಾನೇ ದೇವರ ಮುಂದೆ ನಿಂತಳು. ತುಟಿ ಮಾತ್ರ ಅಲುಗುತ್ತಿತ್ತು, ದನಿ ಕೇಳಿಸುತ್ತಿರಲಿಲ್ಲ. ಬಾಗಿಲ ಬಳಿ ಕುಳಿತಿದ್ದ ಯಾಜಕ ಏಲಿಯು ಆಕೆ ಕುಡಿದಿದ್ದಾಳೆಂದು ಗದರಿದನು. ತಾನು ಕುಡಿದವಳಲ್ಲ, ನೊಂದವಳು ಎಂದು ಆಕೆ ವಿನಯದಿಂದಲೇ ತಿದ್ದಿದಳು. ಗದರಿದ ಬಾಯಿಂದಲೇ ಏಲಿಯು ಹರಸಿದನು.

ಮುಂದೆ ಯೆಹೂದಿ ಪಂಡಿತರು ಪ್ರಾರ್ಥನೆಯ ವಿಧಿಗಳನ್ನು ಚರ್ಚಿಸುವಾಗ ಮಾದರಿಯಾಗಿ ಕಂಡದ್ದು ಈಕೆಯನ್ನೇ. ಮನಸ್ಸಿಟ್ಟು ಬೇಡಬೇಕು, ತುಟಿ ಅಲುಗಬೇಕು, ದನಿ ಏರಬಾರದು ಎಂಬುದನ್ನೆಲ್ಲ ಯೆಹೂದಿ ಧರ್ಮವಿಧಿಗಳ ಚರ್ಚಾಗ್ರಂಥವಾದ ತಾಲ್ಮುಡ್‌ನ ಬೆರಾಖೋತ್ ಭಾಗವು ಹನ್ನಳ ನಡೆಯಿಂದಲೇ ಎತ್ತಿ ಹೇಳುತ್ತದೆ. ಇಂದು ಯೆಹೂದಿಗಳ ಪ್ರಾರ್ಥನಾಮಂದಿರವಾದ ಸಿನಗಾಗ್‌ನಲ್ಲಿ ನಿಂತು ಅಮಿದಾ ಎಂಬ ಮುಖ್ಯ ಪ್ರಾರ್ಥನೆಯನ್ನು ತುಟಿಯಲ್ಲೇ ಹೇಳಿಕೊಳ್ಳುವ ಗಂಡಸರೂ ಆಕೆಯಿಂದ ಕಲಿತವರೇ. ಇನ್ನು ಮಗನ ಮಾತು: ಮೊಲೆ ಬಿಡಿಸಿದೊಡನೆ ಅವನನ್ನು ದೇವಾಲಯಕ್ಕೆ ಒಪ್ಪಿಸಿಬಿಟ್ಟಳು. ಆಮೇಲೆ ವರ್ಷಕ್ಕೊಮ್ಮೆ ಚಿಕ್ಕದೊಂದು ನಿಲುವಂಗಿಯನ್ನು ಹೊಲಿದು ತರುತ್ತಿದ್ದಳು ಎಂಬ ಸಾಲನ್ನು ಓದಿದಾಗಲೆಲ್ಲ ನನಗೆ ಕರುಳು ಚುರ್ರೆನ್ನುತ್ತದೆ.

ಮಕ್ಕಳ ಪ್ರಸ್ತಾಪವೇ ಇಲ್ಲದ ಹೆಣ್ಣನ್ನು ಕೇಳುವಿರಾದರೆ, ಎರಡನೆಯ ಅರಸುಗಳ ಪುಸ್ತಕದಲ್ಲಿ, ದೇವರ ಮಾತನ್ನು ಜನರಿಗೆ ತಿಳಿಸುವ ಪ್ರವಾದಿನಿ ಹುಲ್ದಳಿದ್ದಾಳೆ. ಕ್ರಿ.ಪೂ. 622ರ ಸುಮಾರಿಗೆ, ಯೆಹೂದದ ಅರಸ ಯೋಷೀಯನ ಆಳ್ವಿಕೆಯ 18ನೆಯ ವರ್ಷದಲ್ಲಿ, ಯೆರೂಸಲೇಮಿನ ದೇವಾಲಯದ ದುರಸ್ತಿಯ ವೇಳೆ ಧರ್ಮಶಾಸ್ತ್ರದ ಗ್ರಂಥವೊಂದು ಸಿಕ್ಕಿತು. ಅದನ್ನು ಓದಿಸಿ ಕೇಳಿದ ಅರಸನು ಬಟ್ಟೆ ಹರಿದುಕೊಂಡು, ದೈವಸಂಕಲ್ಪವನ್ನು ತಿಳಿದುಬರಲು ಮಹಾಯಾಜಕ ಹಿಲ್ಕೀಯನೂ ಸೇರಿದಂತೆ ಐವರನ್ನು ಅಟ್ಟಿದನು. ಹೆಸರಾಂತ ಪ್ರವಾದಿ ಯೆರೆಮೀಯನು ಆ ಹೊತ್ತಿಗೆ ಪ್ರವಾದನೆಗೆ ತೊಡಗಿ ಐದು ವರ್ಷಗಳಾಗಿದ್ದರೂ ಅವರು ಹೋದದ್ದು ಹುಲ್ದಳ ಬಳಿಗೆ. ನಿಮ್ಮನ್ನು ನನ್ನ ಬಳಿಗೆ ಕಳುಹಿಸಿದ ಮನುಷ್ಯನಿಗೆ ಹೀಗೆ ಹೇಳಿರಿ ಎಂದೇ ಆಕೆ ಮಾತು ತೆಗೆದಳು. ನಾಡಿಗೆ ಕೇಡು ತಪ್ಪದೆಂಬುದನ್ನು ಸ್ವಲ್ಪವೂ ಮೃದುಗೊಳಿಸಲಿಲ್ಲ. ಐವರೂ ಆ ಮಾತನ್ನು ಅರಮನೆಗೆ ಒಯ್ದರು. ಅರಸನು ಹಿರಿಯರು ಕಿರಿಯರೆನ್ನದೆ ಜನರನ್ನೆಲ್ಲ ದೇವಾಲಯಕ್ಕೆ ಕರೆಸಿ, ಆ ಗ್ರಂಥವನ್ನು ತಾನೇ ಓದಿ ಕೇಳಿಸಿದನು.