ಹೂದಾನಿ ತುಂಬ ನೀರಿದ್ರೂ ಹೂವಿನ ಕೊಂಬೆ ಬಾಡೋದು ಯಾಕೆ?

ಪ್ರಶ್ನೆ: ಏಪ್ರಿಲ್‌ನಲ್ಲಿ ಶಿವಮೊಗ್ಗಕ್ಕೆ ತವರಿಗೆ ಹೋದಾಗ ಅಂಗಳದ ಬೋಗನ್‌ವಿಲ್ಲಾ, ರಸ್ತೆ ಬದಿಯ ಕಕ್ಕೆ ಹೂವು ಎರಡರದ್ದೂ ಕೊಂಬೆ ಕಡಿದು ಬಸ್ಸಲ್ಲಿ ಬೆಂಗಳೂರಿಗೆ ತಂದೆ. ಡೈನಿಂಗ್ ಟೇಬಲ್ ಮೇಲೆ ಮಾವಿನ ಹಣ್ಣಿನ ಬುಟ್ಟಿ ಪಕ್ಕ ಹೂದಾನಿಲಿ ಇಟ್ಟೆ. ಮಾರನೇ ದಿನ ಸಂಜೆಗೆ ಕಕ್ಕೆ ಜೋತುಬಿತ್ತು, ಬೋಗನ್‌ವಿಲ್ಲಾ ಪೂರ್ತಿ ಉದುರಿಹೋಯ್ತು. ಕೊಂಬೆ ತುದಿನ ಸುತ್ತಿಗೇಲಿ ಜಜ್ಜಿದ್ದೆ, ನೀರಿಗೆ ಆಸ್ಪಿರಿನ್ ಕೂಡ ಹಾಕಿದ್ದೆ. ತಪ್ಪೆಲ್ಲಾಯ್ತು?

ಉತ್ತರ: ಮೇಡಂ, ನಿಮ್ಮ ಹೂವು ಬಾಯಾರಿ ಬಾಡಿದೆ. ಕೊಂಬೆ ಕಡಿದ ಕ್ಷಣವೇ ಒಳಗಿನ ನೀರಿನ ನಾಳಗಳು ಗಾಳಿ ಎಳ್ಕೊಂಡುಬಿಡ್ತವೆ, ಆಮೇಲೆ ಅಷ್ಟು ತಾಸು ಬಸ್ಸಿನ ಸೆಕೆಲಿ ಬಂದು ಅದೇ ಹಳೇ ತುದಿ ನೀರಿಗಿಳಿದ್ರೆ ಗಾಳಿ ಗುಳ್ಳೆ ಅಡ್ಡ ನಿಂತಿರತ್ತೆ, ನೀರು ಮೇಲೆ ಹತ್ತಲ್ಲ. ಮೇಲೆ ಎಲೆಗಳು ಮಾತ್ರ ನೀರು ಆವಿ ಮಾಡ್ತಾನೇ ಇರ್ತವೆ.

ಹಾಗಾಗಿ ಮನೆ ಸೇರಿದ ತಕ್ಷಣ ಒಂದು ಬಕೆಟ್ ಉಗುರುಬೆಚ್ಚಗಿನ ನೀರು ಹಿಡೀರಿ, ತುದಿನ ನೀರೊಳಗೆ ಮುಳುಗಿಸಿಟ್ಟುಕೊಂಡೇ ಚೂಪು ಕತ್ತರಿಲಿ ಎರಡು ಇಂಚು ಓರೆಯಾಗಿ ಕತ್ತರಿಸಿ. ಇಕೆಬಾನಾ, ಅಂದ್ರೆ ಜಪಾನಿನ ಹೂ ಜೋಡಿಸೋ ಕಲೆ, ಅದನ್ನ ಮಾಡೋರು ಇದಕ್ಕೆ ಮಿಜುಕಿರಿ ಅಂತಾರೆ, ನಾನಂತೂ ಇದೊಂದನ್ನ ಯಾವತ್ತೂ ಬಿಡಲ್ಲ. ಜಜ್ಜೋದು ಬೇಡವೇ ಬೇಡ, ನಾಳಗಳೆಲ್ಲ ಹಿಸುಕಿಹೋಗ್ತವೆ, ನಾರು ಕೊಳೆತು ನೀರು ಲೋಳೆಯಾಗತ್ತೆ. ಗಟ್ಟಿ ಕೊಂಬೆಯಾದ್ರೆ ತುದಿಲಿ ಒಂದಿಂಚು ಉದ್ದಕ್ಕೆ ಸೀಳಿ, ಸಾಕು. ಆಮೇಲೆ ಎಲೆ. ಬೋಗನ್‌ವಿಲ್ಲಾದಲ್ಲಿ ನಾವು ಹೂವು ಅಂತ ನೋಡೋ ಆ ಬಣ್ಣದ್ದು ನಿಜಕ್ಕೂ ಎಲೆಯ ರೂಪಾಂತರ, ಹೂವು ಅಂದ್ರೆ ಅದರ ನಡುವೆ ಕೊಳವೆ ಥರ ಇರೋ ಪುಟಾಣಿ ಬಿಳಿದು, ಆದ್ರಿಂದ ಹಸಿರೆಲೆಗಳನ್ನ ಹೆಚ್ಚುಕಮ್ಮಿ ಎಲ್ಲಾ ಕಿತ್ತುಹಾಕಿದ್ರೂ ಅಂದ ಕೆಡಲ್ಲ, ನೀರಿನ ಖರ್ಚು ಮಾತ್ರ ತುಂಬಾ ಇಳಿಯತ್ತೆ. ಎಲೆ ಕಿತ್ತ ಮೇಲೆ ಇಡೀ ಕೊಂಬೆನ ಟಬ್ಬಲ್ಲಿ ಒಂದೆರಡು ಗಂಟೆ ಮಲಗಿಸಿ, ಸೊರಗಿದ ಅಂಚುಗಳು ಮತ್ತೆ ಗರಿಗರಿಯಾಗಿ ಬಿಚ್ಚಿಕೊಳ್ಳೋದು ನೋಡೋಕೇ ಖುಷಿ.

ಉದುರಿದ್ದಕ್ಕೆ ಆ ಮಾವಿನ ಬುಟ್ಟಿನೂ ಕಾರಣ. ಹಣ್ಣಾಗೋ ಮಾವು, ಬಾಳೆ ಎಥಿಲೀನ್ ಅನ್ನೋ ಅನಿಲ ಬಿಡ್ತವೆ, ಬೋಗನ್‌ವಿಲ್ಲಾಕ್ಕೆ ಅದು ಸ್ವಲ್ಪ ತಾಗಿದ್ರೂ ಆಗಲ್ಲ, ತೊಟ್ಟು ಕಳಚಿ ಬೀಳತ್ತೆ. ಹಣ್ಣು ಬೇರೆ ರೂಮಲ್ಲಿಡಿ, ಹೂದಾನಿನ ಫ್ಯಾನ್ ಕೆಳಗೂ ಇಡಬೇಡಿ.

ಆಸ್ಪಿರಿನ್‌ನ ನಂಬ್ಕೊಂಡು ಕೂರಬೇಡಿ. ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಸಕ್ಕರೆ, ಎರಡು ದೊಡ್ಡ ಚಮಚ ನಿಂಬೆರಸ, ಕಾಲು ಟೀ ಚಮಚ ಬ್ಲೀಚ್ (ಬಟ್ಟೆಗೆ ಹಾಕೋ ದ್ರವ). ಸಕ್ಕರೆ ಮೊಗ್ಗು ಅರಳೋಕೆ, ಹುಳಿ ನೀರು ಸಲೀಸಾಗಿ ಮೇಲೇರೋಕೆ, ಬ್ಲೀಚ್ ಬ್ಯಾಕ್ಟೀರಿಯಾಕ್ಕೆ. ಬ್ಲೀಚ್ ಇಲ್ದೆ ಬರೀ ಸಕ್ಕರೆ ಹಾಕಿದ್ರೆ ನೀರು ಬೇಗ ನಾರತ್ತೆ. ನಿಂಬೆರಸನೂ ಬ್ಲೀಚೂ ನೇರವಾಗಿ ಬೆರೆಸಬೇಡಿ, ಘಾಟು ಅನಿಲ ಬರತ್ತೆ, ಮೊದ್ಲು ನೀರಿಗೆ ಸಕ್ಕರೆ, ನಿಂಬೆ ಹಾಕಿ ಕಲಕಿ, ಕೊನೇಲಿ ಬ್ಲೀಚ್. ಅಪಾರ್ಟ್‌ಮೆಂಟಲ್ಲಿ ಬೋರ್‌ವೆಲ್ ನೀರಿಗೆ ಉಪ್ಪು ಹಾಕೋ ಸಾಫ್ಟನರ್ ಇದ್ರೆ ಆ ನೀರು ಬೇಡ, ಅದ್ರಲ್ಲಿರೋ ಸೋಡಿಯಂ ಹೂವಿಗೆ ಒಳ್ಳೇದಲ್ಲ, ಕುಡಿಯೋ ಫಿಲ್ಟರ್ ನೀರು ಹಾಕಿ. ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ತುದಿ ಅರ್ಧ ಇಂಚು ಕತ್ತರಿಸಿ.

ಇನ್ನು ಕಕ್ಕೆ. ಅದು ಮರದಲ್ಲೇ ದಿನಾ ಪಕಳೆ ಉದುರಿಸೋ ಹೂವು, ವಾರ ಇರತ್ತೆ ಅಂತ ಸುಳ್ಳು ಭರವಸೆ ಕೊಡಲ್ಲ, ಎರಡು ಮೂರು ದಿನ ಚೆನ್ನಾಗಿದ್ರೆ ಅದೇ ದೊಡ್ಡದು. ಕೆಳಮುಖವಾಗಿ ನೇತಾಡೋ ಗೊಂಚಲು ಬುಡದಿಂದ ತುದಿ ಕಡೆಗೆ, ಅಂದ್ರೆ ಮೇಲಿಂದ ಕೆಳಗೆ ಅರಳ್ತಾ ಹೋಗತ್ತೆ, ಹಾಗಾಗಿ ಪೂರ್ತಿ ಅರಳಿದ್ದನ್ನ ಬಿಟ್ಟು ಮೇಲಿನ ನಾಲ್ಕಾರು ಹೂವು ಮಾತ್ರ ಬಿಚ್ಚಿ ಕೆಳಗೆಲ್ಲ ಗುಂಡುಗುಂಡು ಹಸಿರು ಮೊಗ್ಗಿರೋದನ್ನ ಆರಿಸಿ. ಬಿಸಿಲೇರೋ ಮುಂಚೆ, ಬೆಳಗ್ಗೆ ಆರೂವರೆ ಏಳರೊಳಗೆ ಕಡೀರಿ. ಬಸ್ಸಿಗೆ ಹತ್ತೋ ಮೊದ್ಲು ತುದಿಗೆ ಒದ್ದೆ ಹತ್ತಿ ಸುತ್ತಿ ಪ್ಲಾಸ್ಟಿಕ್ ಕವರ್ ಕಟ್ಟಿ, ಮೇಲ್ಭಾಗಕ್ಕೆ ನ್ಯೂಸ್‌ಪೇಪರ್ ಸುತ್ಕೊಂಡು ಬನ್ನಿ.

ಮುಂದಿನ ಸಲ ಕಣಗಿಲೆ ತರೋ ಯೋಚನೆ ಇದ್ರೆ ಒಂದು ಎಚ್ಚರಿಕೆ, ಅದು ವಿಷದ ಗಿಡ, ಹೂದಾನಿಯ ನೀರು ಕೂಡ ವಿಷವೇ. ಮನೇಲಿ ಪುಟ್ಟ ಮಕ್ಕಳು, ನಾಯಿ ಬೆಕ್ಕು ಇದ್ರೆ ಅದನ್ನ ಒಳಗೆ ತರಲೇಬೇಡಿ.