ನಂದಿಯ ತಪ್ಪಲಲ್ಲಿ ಅವಸರವಿಲ್ಲದ ಒಂದು ದಿನ

ಪ್ರಶ್ನೆ: ನಾವು ಗಂಡ ಹೆಂಡತಿ ಇಬ್ಬರೇ ಡಿಸೆಂಬರ್‌ನಲ್ಲಿ ನಂದಿಬೆಟ್ಟದ ತಪ್ಪಲಿನ ತೋಟವೊಂದರಲ್ಲಿ ಟೆಂಟ್ ಹಾಕಿಕೊಂಡು ಎರಡು ರಾತ್ರಿ ತಂಗಲಿದ್ದೇವೆ. ನಡುವಿನ ದಿನವಿಡೀ ಬಿಡುವು. ಸ್ಕಂದಗಿರಿ, ನಂದಿಬೆಟ್ಟ, ಆವಲಬೆಟ್ಟ, ಗುಡಿಬಂಡೆ ಎಲ್ಲವನ್ನೂ ಅಂದೇ ನೋಡಿ ಮುಗಿಸಿ ಎಂದು ನೆಂಟರು ಹೇಳುತ್ತಾರೆ. ನನ್ನ ಪತ್ನಿಗೆ ಮೊಣಕಾಲು ನೋವು. ನಾವು ಏನು ಮಾಡಬೇಕು?
– ಓದುಗರೊಬ್ಬರು, ತುಮಕೂರು

ಉತ್ತರ: ನೆಂಟರ ಪಟ್ಟಿಯಿಂದ ನಂದಿಯೊಂದನ್ನು ಉಳಿಸಿಕೊಂಡು ಮಿಕ್ಕದ್ದನ್ನು ಈ ಸಲಕ್ಕೆ ಬಿಟ್ಟುಬಿಡಿ. ಸ್ಕಂದಗಿರಿಯ ಕಡಿದಾದ ಏರು ನೋಯುವ ಮೊಣಕಾಲಿಗೆ ತಕ್ಕದ್ದಲ್ಲ. ಗುಡಿಬಂಡೆಯ ಕೋಟೆಗೂ ಹತ್ತಿಯೇ ಹೋಗಬೇಕು.

ಸೂರ್ಯೋದಯ ನೋಡಲು ನಸುಕಿನಲ್ಲೇ ಬೆಟ್ಟಕ್ಕೆ ಓಡುವವರ ಸಾಲಿನಲ್ಲಿ ನೀವು ಸೇರಬೇಡಿ. ಟೆಂಟಿನ ಮುಂದೆ ಕುಳಿತು ಕಾಫಿ ಕುಡಿದು, ಮಂಜು ಕರಗಿದ ಮೇಲೆ ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯಕ್ಕೆ ಹೊರಡಿ. ಸಮತಟ್ಟಾದ ನೆಲದ ಮೇಲಿರುವ, 9ನೆಯ ಶತಮಾನದ ಆರಂಭದಷ್ಟು ಹಳೆಯದಾದ ಈ ಗುಡಿಗೆ ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರಾದ ಮೇಲೊಬ್ಬರು ತಮ್ಮ ಕೆಲಸವನ್ನು ಸೇರಿಸುತ್ತ ಬಂದಿದ್ದಾರೆ. ಅರುಣಾಚಲೇಶ್ವರ ಮತ್ತು ಭೋಗನಂದೀಶ್ವರ ಗುಡಿಗಳೆರಡರ ನಡುವೆ ಉಮಾಮಹೇಶ್ವರನ ಸಣ್ಣ ಗುಡಿಯಿದ್ದು, ಅದರ ಮುಂದಿನ ಕಲ್ಯಾಣ ಮಂಟಪದ ಕರಿಗಲ್ಲಿನ ಕಂಬಗಳಲ್ಲಿ ಬಳ್ಳಿಗಳ ನಡುವೆ ಕುಳಿತ ಹಕ್ಕಿಗಳನ್ನು ಬಿಡಿಸಿದ ಶಿಲ್ಪಿಯ ತಾಳ್ಮೆಯನ್ನು ಕಾಣಲು ಅರ್ಧ ಗಂಟೆಯಾದರೂ ಬೇಕು. ಗೋಡೆಯ ಜಾಲಂಧ್ರಗಳಲ್ಲಿ, ಅಂದರೆ ರಂಧ್ರ ಕೊರೆದ ಕಲ್ಲಿನ ಕಿಟಕಿಗಳಲ್ಲಿ, ನರ್ತಿಸುವ ಶಿವನನ್ನೂ ಮಹಿಷನ ತಲೆಯ ಮೇಲೆ ನಿಂತ ದುರ್ಗೆಯನ್ನೂ ಹುಡುಕಿ ನೋಡಿ. ಶೃಂಗಿತೀರ್ಥವೆಂಬ ಕಲ್ಯಾಣಿಯ ಮೆಟ್ಟಿಲುಗಳನ್ನು ನಿಮ್ಮ ಪತ್ನಿ ಇಳಿಯಬೇಕಾಗಿಲ್ಲ; ಅದರ ಸುತ್ತಲಿನ ಮಂಟಪದ ನೆರಳಿನಲ್ಲಿ ಕುಳಿತರೆ ಇಡೀ ಕೊಳ ಕಣ್ಣೆದುರಿಗೇ ಇರುತ್ತದೆ. ಇಡೀ ದಿನದಲ್ಲಿ ಹೆಚ್ಚು ಹೊತ್ತು ಕಳೆಯಬೇಕಾದ ಜಾಗ ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಊಟವಾದ ಮೇಲೆ, ಮನಸ್ಸಿದ್ದರೆ ಮಾತ್ರ, ಹತ್ತಿರದ ಮುದ್ದೇನಹಳ್ಳಿಗೆ ಹೋಗಿ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮನೆಯನ್ನೂ ಅವರ ಸಮಾಧಿಯನ್ನೂ ನೋಡಿ ಬನ್ನಿ.

ಇಳಿಹೊತ್ತಿಗೆ ಬೆಟ್ಟಕ್ಕೆ ಹೋಗಿ. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ಈ ಬೆಟ್ಟದ ಮೇಲಿನವರೆಗೂ ವಾಹನ ಹೋಗುವ ರಸ್ತೆಯಿದೆ. ಕೆಳಗೆ ಭೋಗನಂದೀಶ್ವರನಾದರೆ ಶಿಖರದಲ್ಲಿರುವವನು ಯೋಗನಂದೀಶ್ವರ. ಬೆಳಿಗ್ಗೆ ಒಬ್ಬನನ್ನೂ ಸಂಜೆ ಇನ್ನೊಬ್ಬನನ್ನೂ ಕಾಣುವ ಈ ಕ್ರಮ ನನಗೆ ಬಹಳ ಇಷ್ಟವಾದದ್ದು. ಗಾಂಧೀಜಿಯವರು 1927ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ಈ ಬೆಟ್ಟದ ಮೇಲೆ ತಂಗಿದ್ದರು. ಆ ಗಾಳಿಯಲ್ಲಿ ನೀವೂ ನಿಧಾನವಾಗಿ ನಾಲ್ಕು ಹೆಜ್ಜೆ ನಡೆದು, ಆಯಾಸವೆನಿಸಿದ ಕಡೆ ಕುಳಿತುಬಿಡಿ. ಟಿಪ್ಪು ಡ್ರಾಪ್‌ನ ಬಂಡೆಯ ಅಂಚಿಗೆ ಮಾತ್ರ ಹೋಗಬೇಡಿ. ಕೋತಿಗಳು ಕೈಯಲ್ಲಿರುವುದನ್ನು ಕಿತ್ತುಕೊಳ್ಳುವುದರಿಂದ ತಿಂಡಿಯ ಚೀಲವನ್ನು ಕಾರಿನಲ್ಲೇ ಬಿಡಿ. ಗೇಟು ಮುಚ್ಚುವ ಸಮಯವನ್ನು ಮೇಲೆ ಹೋಗುವಾಗಲೇ ಕೇಳಿಕೊಂಡು, ಕತ್ತಲಾಗುವ ಮುನ್ನ ತಿರುವುಗಳನ್ನು ಇಳಿದು ಟೆಂಟಿಗೆ ಮರಳಿ. ಡಿಸೆಂಬರ್‌ನ ರಾತ್ರಿ ಅಲ್ಲಿ ಚಳಿ ಜೋರಾಗಿರುತ್ತದೆ. ಇಬ್ಬರಿಗೂ ಒಂದೊಂದು ದಪ್ಪ ಕಂಬಳಿ ಮನೆಯಿಂದಲೇ ಒಯ್ಯಿರಿ.